ಬೆಟ್ಟದ ಪರಿಮಳ ಬೇಕು, ಯಾವ ಬೆಟ್ಟದ್ದು? ನಮ್ಮ ಕಡೆಯವರಿಗೆ ನೈಸರ್ಗಿಕ ಅತ್ತರು ಆರಿಸುವ ಬಗೆ

ನೈಸರ್ಗಿಕ ಸುಗಂಧದ ಬಾಟಲಿಗಳ ಮೇಲೆ ಈಗ ಬೆಟ್ಟದ್ದೇ ಚಿತ್ರ. ಹಿಮ ಹೊದ್ದ ಶಿಖರ, ಮಂಜು ಮುಸುಕಿದ ಕಾಡು, ಮಳೆ ಸುರಿಯುವ ಘಟ್ಟ. ಹೆಸರುಗಳೂ ಹಾಗೆಯೇ, ಓದಿದರೇನೇ ತಂಪು. ಆದರೆ ನಾವು ಆ ಬಾಟಲಿ ತೆರೆಯುವುದು ಏಪ್ರಿಲ್ ತಿಂಗಳ ವಿಜಯಪುರದಲ್ಲಿ, 40 ಡಿಗ್ರಿ ಬಿಸಿಲಿಗೆ ಬಸ್ ಕಾಯುತ್ತ ನಿಂತಾಗ. ಇಲ್ಲವೇ ಜುಲೈ ತಿಂಗಳ ಖಾನಾಪುರದಲ್ಲಿ, ಪೂರ್ತಿ ಒಣಗದ ಅಂಗಿ ಹಾಕಿಕೊಂಡು ಹೊರಟಾಗ. ಹಾಗಾಗಿ ಬೆಟ್ಟ ಯಾವುದು ಅಂತ ಕೇಳುವ ಮೊದಲು ನಿಮ್ಮೂರ ಹವೆ ಎಂಥದ್ದು ಅಂತ ಕೇಳಿಕೊಳ್ಳಿ. ನಾನು ಆರಿಸುವುದು ಹಾಗೆಯೇ.

ಯಾಕೆಂದರೆ ಗಿಡದ ಎಣ್ಣೆಗಳೆಲ್ಲ ಒಂದೇ ವೇಗದಲ್ಲಿ ಆರುವುದಿಲ್ಲ. ನಿಂಬೆ ಸಿಪ್ಪೆ, ಪೈನ್ ಎಲೆ, ಲ್ಯಾವೆಂಡರ್ ಹೂವು ಇವುಗಳ ಎಣ್ಣೆ ಹಗುರ. ಬಿಸಿ ಮೈಗೆ ತಾಗಿದ ಕೂಡಲೇ ಹಾರಿಹೋಗುತ್ತದೆ. ಬೇರು, ಕಟ್ಟಿಗೆ, ಮರದ ಅಂಟು ಇವುಗಳದ್ದು ಭಾರ. ನಿಧಾನಕ್ಕೆ ಏಳುತ್ತದೆ, ತಾಸುಗಟ್ಟಲೆ ಉಳಿಯುತ್ತದೆ. ಬೆಟ್ಟದ ತಂಪು ಗಾಳಿ ಅಂತ ನಮಗೆ ಅನ್ನಿಸುವ ವಾಸನೆಗಳೆಲ್ಲ ಬಹುಪಾಲು ಮೊದಲನೇ ಗುಂಪಿನವು. ಕಾರ್ಖಾನೆಯ ಸೆಂಟ್‌ನಲ್ಲಿ ಅವನ್ನು ಹಿಡಿದು ನಿಲ್ಲಿಸುವ ರಾಸಾಯನಿಕ ಇರುತ್ತದೆ. ಬರೀ ಗಿಡಮೂಲದ ಸುಗಂಧಕ್ಕೆ ಆ ಅನುಕೂಲ ಇಲ್ಲ. ಅದರಲ್ಲಿ ಹಿಡಿದಿಡುವ ಕೆಲಸವನ್ನೂ ಒಂದು ಬೇರೋ ಕಟ್ಟಿಗೆಯೋ ಮಾಡಬೇಕು.

ಹಿಮಾಲಯದ ಬಾಟಲಿ

ಇದರಲ್ಲಿ ಸಾಮಾನ್ಯವಾಗಿ ಕಾಣುವುದು ದೇವದಾರು, ಜಟಾಮಾಂಸಿ ಮತ್ತು ಲ್ಯಾವೆಂಡರ್. ಮೂರೂ ಒಂದೇ ಬೆಟ್ಟಸಾಲಿನವಾದರೂ ನಮ್ಮ ಹವೆಯಲ್ಲಿ ಒಂದೊಂದು ಒಂದೊಂದು ಥರ.

ದೇವದಾರಿಗೆ ನಾನು ಸುಮ್ನೆ ಹೂಂ ಅಂದುಬಿಡುತ್ತೇನೆ. ಸುಮಾರು 1,500ರಿಂದ 3,000 ಮೀಟರ್ ಎತ್ತರದಲ್ಲಿ ಬೆಳೆಯುವ ಮರ ಅದು. ಎಣ್ಣೆ ತೆಗೆಯುವುದು ಕಟ್ಟಿಗೆಯಿಂದ, ಹಾಗಾಗಿ ನಮ್ಮ ಬಿಸಿಲಿಗೂ ನಿಲ್ಲುತ್ತದೆ. ಬೆಲೆಯೂ ಕೈಗೆಟುಕುವಂಥದ್ದು. ಆದರೆ ಲೇಬಲ್ ಮೇಲೆ ಸೀಡರ್ ಅಂತಷ್ಟೇ ಇದ್ದರೆ ಯಾವ ಸೀಡರ್ ಅಂತ ಕೇಳಿ. ವರ್ಜೀನಿಯಾ ಸೀಡರ್ ಅಂದರೆ ಅಮೆರಿಕದ ಜುನಿಪರ್ ಜಾತಿಯ ಮರ, ಹೊಸ ಪೆನ್ಸಿಲ್ ಕೆತ್ತಿದಾಗ ಬರುವ ಒಣ ವಾಸನೆ ಅದರದ್ದು. ದೇವದಾರು ಅದಕ್ಕಿಂತ ಸಿಹಿ, ಜೊತೆಗೆ ಸ್ವಲ್ಪ ರಾಳದ ಘಾಟು. ಎರಡೂ ಚೆನ್ನಾಗಿಯೇ ಇವೆ. ಹಿಮಾಲಯದ ಹೆಸರಿನಲ್ಲಿ ಅಮೆರಿಕದ್ದಕ್ಕೆ ದುಡ್ಡು ಕೊಡಬಾರದು, ಅಷ್ಟೇ.

ಜಟಾಮಾಂಸಿ ಬೇರೆಯದೇ ಕಥೆ. 3,000 ಮೀಟರಿಗಿಂತ ಮೇಲಿನ ಹುಲ್ಲುಗಾವಲಿನ ಪುಟ್ಟ ಗಿಡ. ಸುಗಂಧ ಇರುವುದು ನೆಲದೊಳಗಿನ ರೋಮ ರೋಮದ ಗಡ್ಡೆಯಲ್ಲಿ. ಗಡ್ಡೆ ಕಿತ್ತರೆ ಗಿಡ ಹೋಯಿತು. ಹೀಗೆ ಕಿತ್ತು ಕಿತ್ತು ಅದು ಈಗ ಅಳಿವಿನಂಚಿಗೆ ಬಂದಿದೆ. ಅದರ ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ, ಅಳಿವಿನಂಚಿನ ಗಿಡ, ಪ್ರಾಣಿಗಳಿಗಾಗಿ ದೇಶಗಳು ಮಾಡಿಕೊಂಡ ಸೈಟಿಸ್ ಒಪ್ಪಂದದ ಹಿಡಿತವೂ ಇದೆ. ನಮ್ಮ ಕಡೆ ಗ್ರಂಧಿಗೆ ಅಂಗಡಿಗಳಲ್ಲಿ ತಲೆಗೂದಲಿನ ಎಣ್ಣೆಗೆಂದು ಜಟಾಮಾಂಸಿ ಒಯ್ಯುವವರು ಬಹಳ ಮಂದಿ. ಆದರೆ ಅತ್ತರಿಗೆ ನಾನಂತೂ ಬೇಡ ಅನ್ನುತ್ತೇನೆ. ಬೆಳೆಸಿದ ಗಿಡದ್ದು ಅಂತ ಮಾರುವವರು ಕಾಗದ ತೋರಿಸಿದರೆ ಮಾತು ಬೇರೆ. ಇನ್ನೂ ಒಂದು ವಿಷಯ ಇದೆ. ಬಾಟಲಿಯ ಚಿತ್ರದಲ್ಲಿರುವ ಆ ತಂಪು ಜಟಾಮಾಂಸಿಯಲ್ಲಿ ಇರುವುದೇ ಇಲ್ಲ. ಒದ್ದೆ ಮಣ್ಣು, ಹಳೇ ಕಂಬಳಿ, ಕುರಿ ಹಟ್ಟಿ, ಇವೆಲ್ಲ ಕೂಡಿದಂಥ ಗಟ್ಟಿ ವಾಸನೆ ಅದು. ಇಷ್ಟಪಡುವವರು ಪ್ರಾಣ ಬಿಡುತ್ತಾರೆ, ಆಗದವರು ಮೂಗು ಮುಚ್ಚುತ್ತಾರೆ.

ಲ್ಯಾವೆಂಡರ್ ಈಗ ನಮ್ಮ ದೇಶದಲ್ಲೂ ಬೆಳೆಯುತ್ತದೆ. ಜಮ್ಮು ಕಡೆಯ ಭದರ್ವಾದಲ್ಲಿ ರೈತರು ಮೆಕ್ಕೆಜೋಳ ಬಿಟ್ಟು ಅದಕ್ಕೆ ಹೊರಳಿದ್ದಾರೆ. ಇಲ್ಲೂ ಒಂದು ಗೊಂದಲ ಉಂಟು. ನಿಜವಾದ ಲ್ಯಾವೆಂಡರ್ ಎತ್ತರದ ಚಳಿಯ ಗಿಡ. ಕೆಳಗಿನ ಬಯಲಲ್ಲಿ ಜಾಸ್ತಿ ಬೆಳೆದು ಜಾಸ್ತಿ ಎಣ್ಣೆ ಕೊಡುವ ಮಿಶ್ರತಳಿಗೆ ಲ್ಯಾವೆಂಡಿನ್ ಅನ್ನುತ್ತಾರೆ. ಅದರಲ್ಲಿ ಕರ್ಪೂರದ ಅಂಶ ಹೆಚ್ಚು, ಮೂಸಿದರೆ ನೋವಿನ ಮುಲಾಮು ನೆನಪಾಗುತ್ತದೆ. ಅಗ್ಗದ ಲ್ಯಾವೆಂಡರ್‌ನಲ್ಲಿ ಬಹಳಷ್ಟು ಇದೇ. ಯಾವುದೇ ಇರಲಿ, ಬಾಗಲಕೋಟೆಯ ಮಧ್ಯಾಹ್ನಕ್ಕೆ ಅದರ ಆಯುಷ್ಯ ಬಹಳ ಕಡಿಮೆ. ಬೆಳಗಾವಿಯ ಡಿಸೆಂಬರ್ ಚಳಿಗೆ, ಸ್ವೆಟರ್ ಮೇಲೆ ಒಂದು ಸಲ ಸ್ಪ್ರೇ ಮಾಡಿಕೊಂಡರೆ ಮಾತ್ರ ಬೆಲೆ ಬಂತು ಅನ್ನಬಹುದು.

ಘಟ್ಟದ ಬಾಟಲಿ

ಬೆಳಗಾವಿಯವರಿಗೆ ಸಹ್ಯಾದ್ರಿ ಅಂದರೆ ಎಲ್ಲೋ ದೂರದ ಬೆಟ್ಟ ಅಲ್ಲ. ಜಾಂಬೋಟಿ ದಾಟಿದರೆ ಶುರು, ಚೋರ್ಲಾ ಘಟ್ಟಕ್ಕೆ ಬಂದರೆ ಕಾರಿನ ಕಿಟಕಿಯಿಂದಲೇ ಕಾಡಿನ ವಾಸನೆ. ಭೀಮಗಡದ ಕಡೆ ಹಸಿರು ಇನ್ನೂ ದಟ್ಟ. ಆ ವಾಸನೆಯನ್ನು ಬಾಟಲಿಗೆ ತುಂಬಿದ್ದೇವೆ ಅಂತ ಹೇಳುವವರು ಬಹಳ. ತುಂಬುವುದು ಮಾತ್ರ ಕಷ್ಟ.

ಮೊದಲು ಹೂವಿನ ಮಾತು. ಸಂಪಿಗೆ, ಮಲ್ಲಿಗೆಯಂಥ ಹೂಗಳು ಎಣ್ಣೆ ತೆಗೆಯಲು ಹಾಯಿಸುವ ಹಬೆಯ ಕಾವನ್ನು ಸರಿಯಾಗಿ ತಾಳುವುದಿಲ್ಲ. ದ್ರಾವಕದಲ್ಲಿ ನೆನೆಸಿ ಸಾರ ತೆಗೆಯಬೇಕು. ಹೀಗೆ ತೆಗೆದದ್ದಕ್ಕೆ ಅಬ್ಸೊಲ್ಯೂಟ್ ಅನ್ನುತ್ತಾರೆ, ಬೆಲೆ ಚುಚ್ಚುತ್ತದೆ. ಗುಲಾಬಿ ಹಬೆಗೆ ಒಗ್ಗುತ್ತದೆ, ಆದರೂ 1 ಕೆಜಿ ಎಣ್ಣೆಗೆ ಸುಮಾರು 3,500ರಿಂದ 4,000 ಕೆಜಿ ಹೂವು ಬೇಕು. ಇಷ್ಟು ಗೊತ್ತಿದ್ದರೆ ಸಾಕು, ನೂರಿನ್ನೂರು ರೂಪಾಯಿಗೆ 'ಅಪ್ಪಟ ಕಾಡು ಸಂಪಿಗೆ' ಸಿಗುವುದಿಲ್ಲ ಅಂತ ತಾನಾಗಿಯೇ ತಿಳಿಯುತ್ತದೆ. ಘಟ್ಟದ ಹೂವೇ ಬೇಕು ಅಂದರೆ ಬಾಟಲಿಗಿಂತ ಸುರಗಿ, ಬಕುಳ ವಾಸಿ. ಒಣಗಿದರೂ ಇವುಗಳ ಪರಿಮಳ ಹೋಗುವುದಿಲ್ಲ. ಒಣ ಹೂವನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ಸೀರೆಗಳ ನಡುವೆ ಇಟ್ಟರೆ ತಿಂಗಳುಗಟ್ಟಲೆ ನಡೆಯುತ್ತದೆ.

ಇನ್ನು 'ಮಂಜು', 'ಮಳೆಕಾಡು', 'ಬೆಟ್ಟದ ಗಾಳಿ' ಅಂತ ಹೆಸರಿರುವವು. ಮಂಜಿನಿಂದ ಎಣ್ಣೆ ಬರುವುದಿಲ್ಲ, ಅಲ್ವಾ? ಅದು ತಯಾರಿಸಿದವರ ಕಲ್ಪನೆ. ಒಳ್ಳೆಯ ಕಲ್ಪನೆಯೇ ಇರಬಹುದು, ಆದರೆ ಒಳಗೆ ಯಾವ ಗಿಡ ಇದೆ ಅಂತ ಬರೆದಿರಬೇಕು. ಬರೆಯದೇ ಇದ್ದರೆ ರಾಸಾಯನಿಕವೇ ಇರಬಹುದು ಅಂತ ತಿಳಿದುಕೊಳ್ಳಿ. ಮಳೆಯ ವಿಷಯದಲ್ಲಿ ಒಂದೇ ಒಂದು ಅಪವಾದ ಇದೆ, ಅದು ಅತ್ತರಿಗೆ ಹೆಸರಾದ ಉತ್ತರ ಪ್ರದೇಶದ ಊರು ಕನೌಜಿನ ಮಿಟ್ಟಿ ಅತ್ತರು. ಸುಟ್ಟ ಜೇಡಿಮಣ್ಣಿನ ಬಿಲ್ಲೆಗಳನ್ನು ತಾಮ್ರದ ಹಂಡೆಯಲ್ಲಿ ನೀರಿನ ಜೊತೆ ಹಾಕಿ, ಬಾಯಿಗೆ ಮಣ್ಣು ಮೆತ್ತಿ, ಕೆಳಗೆ ಉರಿ ಹಚ್ಚುತ್ತಾರೆ. ಹಬೆ ಬಿದಿರಿನ ಕೊಳವೆಯಲ್ಲಿ ಹಾದು, ತಣ್ಣೀರಿನ ತೊಟ್ಟಿಯಲ್ಲಿ ಕೂತ ಇನ್ನೊಂದು ತಾಮ್ರದ ಪಾತ್ರೆಗೆ ಇಳಿಯುತ್ತದೆ. ಆ ಪಾತ್ರೆಯಲ್ಲಿ ಮೊದಲೇ ಗಂಧದೆಣ್ಣೆ ಇರುತ್ತದೆ. ಮಣ್ಣಿನ ವಾಸನೆ ಅದರೊಳಗೆ ಸೇರಿಕೊಳ್ಳುತ್ತದೆ. ಸುಟ್ಟ ಎರೆಹೊಲದ ಮೇಲೆ ಮೊದಲ ಅಡ್ಡಮಳೆ ಬಿದ್ದಾಗಿನ ಆ ಒಂದು ಗಳಿಗೆ ಬೇಕು ಅನ್ನುವವರು ಇದನ್ನು ತಗೊಳ್ಳಿ. ಬೆಟ್ಟದ್ದಲ್ಲ, ನಮ್ಮದೇ ಬಯಲಿನದು. ಗಂಧದೆಣ್ಣೆಯ ಬುಡ ಇದ್ದರೆ ನಿಲ್ಲುತ್ತದೆ ಕೂಡ.

ಕಾಡಿನ ಹಸಿ ತೊಗಟೆ, ಪಾಚಿ, ನೆರಳು ಇವುಗಳ ವಾಸನೆ ಬೇಕಾದರೆ ದಾರಿ ಅಡುಗೆಮನೆಯಲ್ಲೇ ಇದೆ. ಮಸಾಲೆ ಡಬ್ಬಿಯಲ್ಲಿ ದಗಡ ಫೂಲ್ ಇರುತ್ತದಲ್ಲ, ಕಲ್ಲುಹೂವು ಅಂತಲೂ ಅನ್ನುತ್ತಾರೆ. ಹೂವು ಅಂದರೂ ಅದು ಕಲ್ಲು, ಮರದ ಮೇಲೆ ಬೆಳೆಯುವ ಕಲ್ಲುಪಾಚಿ. ಒಂದು ಚೂರು ಅಂಗೈಯಲ್ಲಿ ಹಾಕಿ ಉಜ್ಜಿ ನೋಡಿ. ಮೇಲ್ಭಾಗ ಬೂದಿ ಬಣ್ಣ, ಅಡಿಭಾಗ ಕರಿ, ಕಾಗದದಂತೆ ಮುರಿಯುತ್ತದೆ. ಮೊದಲು ಧೂಳಿನ ವಾಸನೆ ಬರುತ್ತದೆ, ಆಮೇಲೆ ಒದ್ದೆ ತೊಗಟೆಯದು, ಕೊನೆಗೆ ಸ್ವಲ್ಪ ಹೊಗೆ. ಯುರೋಪಿನ ಸುಗಂಧಗಾರರು ಓಕ್ ಮರದ ಪಾಚಿಯಿಂದ ಮಾಡಿಸುವ ಕೆಲಸವನ್ನೇ ಕನೌಜಿನವರು ಇದರಿಂದ ಮಾಡಿಸುತ್ತಾರೆ. ಶಮಾಮ ಅನ್ನುವ ಚಳಿಗಾಲದ ಅತ್ತರಿಗೆ ಹತ್ತಾರು ಬೇರು, ಮಸಾಲೆಗಳ ಜೊತೆ ಇದನ್ನೂ ಹಾಕುತ್ತಾರೆ. ಘಟ್ಟದ ಬಾಟಲಿಯ ಪದಾರ್ಥಗಳಲ್ಲಿ ಕಲ್ಲುಹೂವು ಕಂಡರೆ ತಯಾರಿಸಿದವರಿಗೆ ಕೆಲಸ ಗೊತ್ತಿದೆ ಅಂತ ನಾನು ಮೆಚ್ಚುತ್ತೇನೆ.

ಬಯಲ ಗುಡ್ಡದ್ದು

ಬಾದಾಮಿಯ ಕೆಂಪು ಗುಡ್ಡ, ಸವದತ್ತಿಯ ಎಲ್ಲಮ್ಮನ ಗುಡ್ಡ. ಇವುಗಳ ಹೆಸರಿನ ಸೆಂಟ್ ಯಾರೂ ಮಾಡಿದ್ದು ಕಾಣೆ. ಆದರೆ ಒಣ ಸೀಮೆಯ ಗಿಡಗಳೇ ನಮ್ಮ ಮೈಗೆ, ಬೆವರಿಗೆ ಸರಿಯಾಗಿ ಹೊಂದುತ್ತವೆ. ಹಿಮಾಲಯಕ್ಕೂ ಘಟ್ಟಕ್ಕೂ ಮೇಲೆ ನಾನು ಇವನ್ನು ಇಡುತ್ತೇನೆ.

ದವನದಿಂದ ಶುರು ಮಾಡೋಣ. ದವನದ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋದವರಿಗೆ ಆ ಬೂದುಹಸಿರು ಕಟ್ಟಿನ ಪರಿಚಯ ಹೇಳಬೇಕಿಲ್ಲ. ಮಾಲೆಯಲ್ಲಿ ಅದು ಬರೀ ಗಿಡದ ಘಾಟು. ಎಣ್ಣೆ ತೆಗೆದಾಗ ಅದೇ ದವನ ಉತ್ತತ್ತಿ, ಒಣದ್ರಾಕ್ಷಿಯ ಹಾಗೆ ಸಿಹಿಯಾಗುತ್ತದೆ, ಹಿಂದೆ ಸಣ್ಣಗೆ ಮದ್ಯದ ಮತ್ತು. ಈ ಎಣ್ಣೆ ಬರುವುದು ಹೆಚ್ಚಾಗಿ ದಕ್ಷಿಣ ಭಾರತದಿಂದ, ನಮ್ಮ ಕರ್ನಾಟಕದ ಹೊಲಗಳದ್ದೂ ಅದರಲ್ಲಿದೆ. ಪರದೇಶದ ದುಬಾರಿ ಸೆಂಟುಗಳಿಗೆ ಹೋಗುತ್ತದೆ, ನಮ್ಮ ಅಂಗಡಿಗಳಲ್ಲಿ ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಒಂದೇ ದವನ ಇಬ್ಬರ ಮೈಮೇಲೆ ಎರಡು ಥರ ಬರುತ್ತದೆ ಅಂತ ಸುಗಂಧಗಾರರು ಹೇಳುತ್ತಾರೆ. ಹಾಗಾಗಿ ಗೆಳತಿಯ ಕೈಮೇಲೆ ಮೂಸಿ ನೋಡಿ ಕೊಳ್ಳಬೇಡಿ, ನಿಮ್ಮ ಕೈಮೇಲೆ ಹಚ್ಚಿ ನೋಡಿ.

ರೋಷಾ ಹುಲ್ಲು ನಿಂಬೆಹುಲ್ಲಿನ ಬಳಗದ್ದೇ. ಒಣ ಗುಡ್ಡದ ಇಳಿಜಾರಿನಲ್ಲಿ ಬೆಳೆಯುತ್ತದೆ. ಎಣ್ಣೆಯಲ್ಲಿ, ಗುಲಾಬಿಯಲ್ಲೂ ಇರುವ ಜಿರೇನಿಯಾಲ್ ಅಂಶ ಹೆಚ್ಚು, ಹಾಗಾಗಿ ಗುಲಾಬಿಯ ನೆನಪು. ಎಷ್ಟರ ಮಟ್ಟಿಗೆ ಅಂದರೆ, ಗುಲಾಬಿ ಎಣ್ಣೆಗೆ ಕಲಬೆರಕೆ ಮಾಡಲು ಹಿಂದಿನಿಂದಲೂ ಇದನ್ನೇ ಬಳಸುತ್ತ ಬಂದಿದ್ದಾರೆ. ಗುಲಾಬಿ ಅಂತ ಸುಳ್ಳು ಹೇಳಿ ಕೊಟ್ಟರೆ ಮೋಸ. ರೋಷಾ ಅಂತಲೇ ತಗೊಂಡರೆ ಕಡಿಮೆ ದುಡ್ಡಿನ ಒಳ್ಳೆಯ ಮಾಲು.

ನಾಗರಮೋಥಾ ಅಂತ ಬಾಟಲಿ ಮೇಲೆ ಓದಿದರೆ ಏನೋ ದೊಡ್ಡದು ಅನ್ನಿಸುತ್ತದೆ. ನಮ್ಮ ಹೊಲದಲ್ಲಿ ರೈತರ ಜೀವ ತಿನ್ನುವ ಜೇಕು ಇದೆಯಲ್ಲ, ಅದರ ಹತ್ತಿರದ ಸಂಬಂಧಿ. ಗಡ್ಡೆಯ ಎಣ್ಣೆಗೆ ಕಟ್ಟಿಗೆ, ಮಣ್ಣು, ಸ್ವಲ್ಪ ಹೊಗೆಯ ವಾಸನೆ. ಗಂಡಸರ ಅತ್ತರಿಗೆ ಚೆನ್ನ ಅನ್ನುತ್ತಾರೆ, ನನಗೆ ಆ ಭೇದ ಕಾಣುವುದಿಲ್ಲ.

ಲಾವಂಚ ಬೇಸಿಗೆಯ ರಾಜ. ಗಡಿಗೆಯ ನೀರಿಗೆ ಒಂದು ಸಣ್ಣ ಕಟ್ಟು ಹಾಕಿ ಕುಡಿದವರಿಗೆ, ಕಿಟಕಿಯ ಖಸ್ ತಟ್ಟಿಗೆ ನೀರು ಚಿಮುಕಿಸಿ ಮಲಗಿದವರಿಗೆ ಆ ತಂಪು ಗೊತ್ತು. ಬೇರಿನ ಎಣ್ಣೆ ಆದ್ದರಿಂದ ತಂಪೂ ಹೌದು, ಬಾಳಿಕೆಯೂ ಹೌದು. ಈ ಎರಡೂ ಒಟ್ಟಿಗೆ ಸಿಗುವುದು ಅಪರೂಪ. ಉತ್ತರದ ಕಡೆಯಿಂದ ಬರುವ ರೂಹ್ ಖಸ್ ಅನ್ನುವ ಲಾವಂಚದ ಎಣ್ಣೆ ಸ್ವಲ್ಪ ಹಸಿರಾಗಿರುತ್ತದೆ. ತಾಮ್ರದ ಹಂಡೆಯಲ್ಲಿ ಭಟ್ಟಿ ಇಳಿಸುವುದರಿಂದ ಆ ಬಣ್ಣ. ಆದರೆ ಬಣ್ಣ ನೋಡಿ ನಂಬಬೇಡಿ, ಕಡು ಹಸಿರು ಹೊಳೆಯುತ್ತಿದ್ದರೆ ಬಣ್ಣ ಬೆರೆಸಿರಬಹುದು. ವಿಜಯಪುರದವರು ಒಂದೇ ಒಂದು ಬಾಟಲಿ ಕೊಳ್ಳುವುದಾದರೆ ಇದನ್ನೇ ಕೊಳ್ಳಲಿ.

ಶ್ರೀಗಂಧದ ಬಗ್ಗೆ ಎಲ್ಲರಿಗೂ ಗೊತ್ತು, ಆದ್ದರಿಂದಲೇ ಮೋಸವೂ ಜಾಸ್ತಿ. ನಮ್ಮ ಗಂಧದ ಮರ ಸ್ಯಾಂಟಲಂ ಆಲ್ಬಂ. ಆಸ್ಟ್ರೇಲಿಯಾದ ಸ್ಯಾಂಟಲಂ ಸ್ಪಿಕೇಟಂ ಅದರ ತಮ್ಮ, ಪರಿಮಳ ಇದೆ, ಹಾಲಿನಂಥ ಮೆದು ಇಲ್ಲ. ಅಮೈರಿಸ್ ಅನ್ನುವುದನ್ನು ವೆಸ್ಟ್ ಇಂಡೀಸ್ ಗಂಧ ಅಂತ ಮಾರುತ್ತಾರೆ, ಅದಕ್ಕೂ ಗಂಧಕ್ಕೂ ನೆಂಟಸ್ತನವೇ ಇಲ್ಲ, ಅದು ನಿಂಬೆ ಕುಟುಂಬದ ಮರ. ಅಪ್ಪಟ ಗಂಧದೆಣ್ಣೆಗೆ ಐಎಸ್‌ಒ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ ಅಳತೆಗೋಲು ಇದೆ. ಗಂಧದ ಪರಿಮಳದ ಮುಖ್ಯ ಅಂಶ ಸ್ಯಾಂಟಲಾಲ್, ಅದರಲ್ಲಿ ಎರಡು ಬಗೆ. ಆಲ್ಫಾ ಸ್ಯಾಂಟಲಾಲ್ 41ರಿಂದ 55, ಬೀಟಾ ಸ್ಯಾಂಟಲಾಲ್ 16ರಿಂದ 24 ಶೇಕಡಾ ಇರಬೇಕು. ದೊಡ್ಡ ದುಡ್ಡು ಕೊಡುವುದಾದರೆ ಈ ಪರೀಕ್ಷೆಯ ವರದಿ ಕೇಳುವುದರಲ್ಲಿ ಸಂಕೋಚ ಬೇಡ. 2001ರಲ್ಲಿ ಕಾನೂನು ಬದಲಾದ ಮೇಲೆ ಹೊಲದ ಗಂಧಕ್ಕೆ ರೈತನೇ ಒಡೆಯ. ಅಲ್ಲಿಂದೀಚೆಗೆ ಬದುಗಳಲ್ಲಿ ಹಚ್ಚಿದವರು ಅನೇಕರು. ಆದರೆ ಮರದ ಕೆಚ್ಚು ಬಲಿಯಲು ಹದಿನೈದು ವರ್ಷವಾದರೂ ಬೇಕು, ಹಾಗಾಗಿ ಬೆಲೆ ಸದ್ಯಕ್ಕೆ ಇಳಿಯುವಂತೆ ಕಾಣುವುದಿಲ್ಲ.

ಅತ್ತರೋ, ಸ್ಪ್ರೇಯೋ, ಮೇಣವೋ

ಒಂದೇ ಲಾವಂಚ ಮೂರು ರೂಪದಲ್ಲಿ ಸಿಗುತ್ತದೆ. ಎಣ್ಣೆಯ ಬುಡದ ಅತ್ತರು ನಿಧಾನಕ್ಕೆ ಏಳುತ್ತದೆ, ಮೈಗೆ ಹತ್ತಿರ ಇರುತ್ತದೆ, ಪಕ್ಕದಲ್ಲಿ ಕೂತವರಿಗೆ ಮಾತ್ರ ಗೊತ್ತಾಗುತ್ತದೆ. ಬಿಸಿಲಿಗೆ ಇದೇ ಸರಿ. ಬಿಳಿ ಧೋತರ, ಬಿಳಿ ಅಂಗಿಗೆ ಮಾತ್ರ ತಾಗಿಸಬೇಡಿ, ಆದ ಕಲೆ ಹೋಗುವುದಿಲ್ಲ. ಆಲ್ಕೋಹಾಲ್ ಸ್ಪ್ರೇ ಒಮ್ಮೆಗೇ ಹರಡುತ್ತದೆ, ಹಗುರ ವಾಸನೆಗಳನ್ನು ಎತ್ತಿ ತೋರಿಸುತ್ತದೆ, ಅಷ್ಟೇ ಬೇಗ ಮುಗಿಯುತ್ತದೆ. ಒಣ ಹವೆಯಲ್ಲಿ ಚರ್ಮವೂ ಬಿರಿಯುತ್ತದೆ. ಬೆಳಗಾವಿ, ಖಾನಾಪುರದ ಥಂಡಿಗೆ, ಮದುವೆಮನೆಗೆ ಅದು ಚೆನ್ನ. ಮೇಣದ ಡಬ್ಬಿ ಪ್ರಯಾಣಕ್ಕೆ ಅನುಕೂಲ. ಜೇನುಮೇಣ 62 ಡಿಗ್ರಿಯ ಮೇಲೆ ಕರಗುತ್ತದೆ, ಆದರೆ ಎಣ್ಣೆ ಬೆರೆಸಿದಾಗ ಮೆದುವಾಗುತ್ತದೆ. ಮೇ ತಿಂಗಳಲ್ಲಿ ಬೈಕಿನ ಡಿಕ್ಕಿಯಲ್ಲಿ ಬಿಟ್ಟರೆ ಸಂಜೆಗೆ ಪಾಯಸ.

ಮನೆಯಲ್ಲೇ ಬೆರೆಸುವ ಉಮೇದು ಇದ್ದರೆ 10 ಎಂಎಲ್ ರೋಲ್-ಆನ್ ಬಾಟಲಿಯಿಂದ ಶುರು ಮಾಡಿ. ದೇವದಾರು 12 ಹನಿ, ಲಾವಂಚ 8, ರೋಷಾ 6, ದವನ 2. ಮಿಕ್ಕಿದ್ದು ಜೊಜೋಬಾ ಅನ್ನುವ ಗಿಡದ ಬೀಜದ ಎಣ್ಣೆ. ಎರಡು ಮೂರು ವಾರ ಕತ್ತಲಲ್ಲಿಡಿ, ಆಮೇಲೆ ಮೂಸಿ. ಮೊದಲ ದಿನ ಬಿಡಿ ಬಿಡಿಯಾಗಿದ್ದದ್ದು ಆಗ ಕೂಡಿಕೊಂಡಿರುತ್ತದೆ. ಜೊಜೋಬಾ ದುಬಾರಿ ಅಂತ ಕುಸುಬೆ ಎಣ್ಣೆ ಹಾಕಬೇಡಿ. ಅಡುಗೆಗೆ ಅದಕ್ಕೆ ಸಾಟಿ ಇಲ್ಲ, ಆದರೆ ಗಾಳಿಗೆ ಬೇಗ ಕಮಟುತ್ತದೆ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ, ಬೆಳಗಾವಿಯ ಚಳಿಗಾಲದಲ್ಲಿ ರೋಲರ್ ಹೊರಳುವುದೇ ಇಲ್ಲ. ಸ್ಪ್ರೇ ಮಾಡಲು ಸ್ಯಾನಿಟೈಸರ್ ಬಳಸುವವರಿದ್ದಾರೆ, ದಯವಿಟ್ಟು ಬೇಡ. ಅದರ ವಾಸನೆ ಎಲ್ಲವನ್ನೂ ಹಾಳು ಮಾಡುತ್ತದೆ.

ಅಂಗಡಿಗೆ ಹೋದಾಗ

ಅತ್ತರಿನ ವಿಷಯದಲ್ಲಿ ವಿಜಯಪುರಕ್ಕೆ ಹಳೇ ಹೆಸರು. ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದಲ್ಲಿ ಸುಗಂಧ ತಯಾರಿಕೆಯ ಬಗ್ಗೆಯೇ ಪರ್ಷಿಯನ್ ಭಾಷೆಯಲ್ಲಿ ಗ್ರಂಥ ಬರೆಸಲಾಗಿತ್ತು. ಅತ್ತಾರ ಅನ್ನುವ ಅಡ್ಡಹೆಸರಿನ ಮನೆತನಗಳು ಇಂದಿಗೂ ನಮ್ಮ ಊರುಗಳಲ್ಲಿವೆ. ರಂಜಾನ್ ತಿಂಗಳಲ್ಲಿ ಅತ್ತರಿನ ಅಂಗಡಿಗಳ ಮುಂದೆ ಕಾಲಿಡಲು ಜಾಗ ಇರುವುದಿಲ್ಲ. ನಿಧಾನಕ್ಕೆ ನೋಡಬೇಕೆಂದರೆ ಬೇರೆ ತಿಂಗಳಲ್ಲಿ, ಮಧ್ಯಾಹ್ನದ ಹೊತ್ತಿಗೆ ಹೋಗಿ.

"ಕಾಕಾ, ಇದರ ಬುಡ ಏನು?" ಅಂತ ಕೇಳಿ. ಇದೊಂದೇ ಪ್ರಶ್ನೆಗೆ ಅರ್ಧ ವಿಷಯ ಹೊರಬರುತ್ತದೆ. ಹಿಂದೆ ಅತ್ತರಿಗೆ ಗಂಧದೆಣ್ಣೆಯೇ ಬುಡ. ಈಗ ಅಗ್ಗದ್ದರಲ್ಲಿ ಲಿಕ್ವಿಡ್ ಪ್ಯಾರಾಫಿನ್ ಅಥವಾ ಡಿಒಪಿ ಅನ್ನುವ ದ್ರವ ಇರುತ್ತದೆ. ಡಿಒಪಿ ಪ್ಲಾಸ್ಟಿಕ್ ಮೆದುಗೊಳಿಸಲು ಬಳಸುವಂಥದ್ದು. ಹಳೇ ವ್ಯಾಪಾರಿಗಳು ಕೇಳಿದರೆ ಮುಚ್ಚಿಡದೆ ಹೇಳುತ್ತಾರೆ, "ಇದು ನೂರು ರೂಪಾಯಿದು ರೀ, ಅದರಾಗ ಗಂಧ ಎಲ್ಲಿಂದ ಬರಬೇಕು?" ಅಂತ. ಹಾಗೆ ಹೇಳುವ ಅಂಗಡಿಯಲ್ಲಿ ದುಬಾರಿ ಮಾಲನ್ನು ಧೈರ್ಯವಾಗಿ ಕೊಳ್ಳಬಹುದು.

ಮೂರಕ್ಕಿಂತ ಜಾಸ್ತಿ ಒಂದೇ ದಿನ ಮೂಸಬೇಡಿ, ಮೂಗು ದಣಿಯುತ್ತದೆ. ದಣಿದರೆ ನಿಮ್ಮದೇ ತೋಳಿನ ಬಟ್ಟೆ ಮೂಸಿ, ಸರಿಹೋಗುತ್ತದೆ. ಮುಂಗೈಗೆ ಒಂದು ಹಚ್ಚಿಕೊಂಡು ಅಂಗಡಿ ಬಿಟ್ಟು ಹೊರಗೆ ಬನ್ನಿ. ಚಹಾ ಕುಡಿಯಿರಿ, ಬೇರೆ ಸಂತೆ ಮುಗಿಸಿ. ಎರಡು ತಾಸಿನ ನಂತರ ಉಳಿದಿರುವುದೇ ನೀವು ದುಡ್ಡು ಕೊಡುವ ವಾಸನೆ. ಕಾಗದದ ಮೇಲೆ ಒಂದು ಹನಿ ಹಾಕಿ ಎಣ್ಣೆಕಲೆ ಉಳಿದರೆ ಕಲಬೆರಕೆ ಅನ್ನುವ ಪರೀಕ್ಷೆ ಲ್ಯಾವೆಂಡರ್, ನಿಂಬೆಯಂಥ ಹಗುರ ಎಣ್ಣೆಗೆ ಮಾತ್ರ ನಡೆಯುತ್ತದೆ. ಗಂಧ, ಲಾವಂಚ ಅಪ್ಪಟವಿದ್ದರೂ ಕಲೆ ಬಿಡುತ್ತವೆ.

ನೈಸರ್ಗಿಕ ಅಂದ ಮಾತ್ರಕ್ಕೆ ಮೈಗೆ ಆಗುತ್ತದೆ ಅಂತಲ್ಲ. ದಾಲ್ಚಿನ್ನಿ ತೊಗಟೆಯ ಎಣ್ಣೆ ಚರ್ಮ ಸುಡುತ್ತದೆ. ಸಿಪ್ಪೆ ಹಿಂಡಿ ತೆಗೆದ ನಿಂಬೆಯ ಎಣ್ಣೆ, ನಿಂಬೆ ಜಾತಿಯದೇ ಆದ ಬರ್ಗಮಾಟ್ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಆ ಜಾಗ ಕೆಂಪಾಗಿ ಕಪ್ಪು ಕಲೆ ಕೂರುತ್ತದೆ. ನಮ್ಮ ಬಿಸಿಲಿಗೆ ಇದು ತಮಾಷೆಯ ಮಾತಲ್ಲ. ಅಂಥವನ್ನು ಬಟ್ಟೆಗಷ್ಟೇ ಹಾಕಿ. ಹೊಸದು ಯಾವುದೇ ಇರಲಿ, ಮೊಣಕೈ ಒಳಭಾಗಕ್ಕೆ ಒಂದು ಚೂರು ಹಚ್ಚಿ ಒಂದು ದಿನ ಕಾಯಿರಿ. ಚಿಕ್ಕ ಮಕ್ಕಳಿಗೆ ಯಾವುದೂ ಬೇಡ.

ಕೊಳ್ಳುವಾಗ ಮೊದಲ ಸಲ 3 ಎಂಎಲ್ ಸಾಕು, ತೊಲಗಟ್ಟಲೆ ತಗೊಳ್ಳುವುದು ಒಗ್ಗಿದ ಮೇಲೆ. ಬಾಟಲಿಯನ್ನು ಕನ್ನಡಿ ಮುಂದೆ ಅಲಂಕಾರಕ್ಕೆ ಇಡಬೇಡಿ, ಟ್ರೆಜರಿಯ ಒಳಗೆ ಬಟ್ಟೆಗಳ ಹಿಂದೆ ಇಡಿ. ನಿಂಬೆ ಜಾತಿಯವು ಒಂದು ವರ್ಷದೊಳಗೆ ಮುಗಿಸಿ. ಲಾವಂಚ, ಗಂಧಕ್ಕೆ ಆ ಅವಸರ ಇಲ್ಲ, ಇಟ್ಟಷ್ಟೂ ಮೆದುವಾಗುತ್ತವೆ.